ಹನುಮಾನ್ ಘಾಟಿನ ಮಿಕ್ಸಿ

ಹರಿಶ್ಚಂದ್ರ ಘಾಟಿನ ಕಡೆಯಿಂದ ಬರುವ ಕಟ್ಟಿಗೆ ಹೊಗೆ, ಗಲ್ಲಿಯ ತಿರುವಿನಲ್ಲಿ ಕಚೋರಿ ಬೇಯುವ ಬಾಣಲೆಯ ಎಣ್ಣೆ ವಾಸನೆ, ಯಾರದೋ ದೇವರ ಕೋಣೆಯಿಂದ ಹೊರಟು ಕಿಟಕಿ ದಾಟಿ ಬರುವ ಧೂಪ. ಇವನ್ನೆಲ್ಲ ಹಾದು ನಡೆಯುತ್ತಿರುವಾಗ ಇದ್ದಕ್ಕಿದ್ದಂತೆ ಒಗ್ಗರಣೆಯ ಕರಿಬೇವು, ತುರಿದ ಕಾಯಿ, ಹಸಿಮೆಣಸು ಮೂಗಿಗೆ ಬಡಿದರೆ ಹನುಮಾನ್ ಘಾಟ್ ಬಂತು ಅಂತಲೇ ಲೆಕ್ಕ. ಕಾಶಿಯ ಈ ತುಣುಕಿನಲ್ಲಿ ಹೊಸ್ತಿಲಿಗೆ ರಂಗೋಲಿ ಬೀಳುತ್ತದೆ, ಬಾಗಿಲ ಮೇಲೆ ಒಣಗಿದ ಮಾವಿನ ತೋರಣ ತೂಗುತ್ತದೆ. ತಮಿಳು, ತೆಲುಗು, ಕನ್ನಡ ಒಂದೇ ಗೋಡೆಯ ಆಚೀಚೆ ಮಾತಾಡಿಕೊಳ್ಳುತ್ತವೆ, ಬೀದಿಗಿಳಿದ ಕೂಡಲೇ ಎಲ್ಲವೂ ಭೋಜ್‌ಪುರಿಯಾಗಿಬಿಡುತ್ತವೆ. ಕವಿ ಸುಬ್ರಹ್ಮಣ್ಯ ಭಾರತಿ ಹುಡುಗನಾಗಿದ್ದಾಗ ಸೋದರತ್ತೆಯ ಮನೆಯಲ್ಲಿದ್ದು ಓದಿದ್ದು ಇಲ್ಲೇ. ಮೆಟ್ಟಿಲಿಳಿದು ನದಿಯ ಪಕ್ಕ ನಾಲ್ಕು ಹೆಜ್ಜೆ ಹಾಕಿದರೆ ಮೈಸೂರು ಸಂಸ್ಥಾನ ಕಟ್ಟಿಸಿದ ಘಾಟು. ಈಗ ಅದಕ್ಕೆ ಕರ್ನಾಟಕ ಘಾಟ್ ಎಂದು ಹೆಸರು.

ಬೆಳಗಿನ ಆರೂವರೆಗೆ ಗಂಟೆಗಳ ಸದ್ದು ಸ್ವಲ್ಪ ಇಳಿದ ಮೇಲೆ ಮಿಕ್ಸಿಗಳ ಸದ್ದು ಏಳುತ್ತದೆ. ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಎದುರು ಮನೆಯ ಚಟ್ನಿ ಯಾವ ಹದಕ್ಕೆ ಬಂತು ಎಂಬುದು ಈ ಮನೆಯ ಅಡುಗೆಮನೆಗೆ ಗೊತ್ತಾಗುತ್ತದೆ. ಹೊಸ ಮಿಕ್ಸಿಯದು ತೆಳುವಾದ, ಏರು ದನಿ. ಹಳೆಯದರದು ಗದಗುಟ್ಟುವ ಗಂಟಲು. ನೆನೆದ ಉದ್ದು ಬಿದ್ದಾಗ ಸದ್ದು ಕೆಳಗಿಳಿಯುತ್ತದೆ, ನೀರು ಹಾಕಿದೊಡನೆ ಸಡಿಲಾಗುತ್ತದೆ, ಒಣಕೊಬ್ಬರಿ ಸಿಕ್ಕಾಗ ಮುಗ್ಗರಿಸುತ್ತದೆ.

ನಾನು ಉಳಿದುಕೊಂಡಿದ್ದ ಮನೆಯ ಮಿಕ್ಸಿ ಮುಗ್ಗರಿಸಿದ್ದು ಇಂಥದೇ ಹೊತ್ತಿನಲ್ಲಿ. ದೂರದ ಸಂಬಂಧದ ಅತ್ತಿಗೆಯ ಮನೆ ಅದು. ತೀರ್ಥಹಳ್ಳಿ ಕಡೆಯಿಂದ ಮದುವೆಯಾಗಿ ಬಂದವರು, ಊರಿನಿಂದ ಯಾತ್ರೆಗೆ ಬಂದವರಿಗೆ ಊಟ ತಿಂಡಿ ಮಾಡಿಕೊಡುವುದು ಅವರ ಮನೆಯ ರೂಢಿ. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನದ ರೈಲು ಹೊರಡಲು ಶುರುವಾದ ಮೇಲೆ ಗಲ್ಲಿಯಲ್ಲಿ ಕನ್ನಡ ಕೇಳಿಸುವುದು ಹೆಚ್ಚಾಗಿದೆ ಎನ್ನುತ್ತಾರೆ. ಅಡುಗೆಮನೆ ಮೂರನೆಯ ಅಂತಸ್ತಿನಲ್ಲಿದೆ, ಕಿಟಕಿಗೆ ಕೋತಿ ನುಗ್ಗದಂತೆ ಕಬ್ಬಿಣದ ಜಾಲರಿ. ಕಪ್ಪು ಕಲ್ಲಿನ ಕಟ್ಟೆಯ ಮೂಲೆಯಲ್ಲಿ ಮಿಕ್ಸಿ, ಅದರ ಕೆಳಗೆ ನಡುಕ ತಡೆಯಲು ಮಡಿಸಿಟ್ಟ ಹಳೇ ಸೀರೆಯ ತುಂಡು.

ಆ ದಿನ ಇಡ್ಲಿ ಪಾತ್ರೆಯಿಂದ ಆವಿ ಏಳುತ್ತಿತ್ತು, ಚಟ್ನಿಗೆ ಕಾಯಿ ಬಿದ್ದಿತ್ತು. ಗುಂಡಿ ತಿರುಗಿಸಿದಾಗ ಎಂದಿನಂತೆ ಗುರ್ ಎಂದು ಹೊರಟ ಮಿಕ್ಸಿ ಒಂದೆರಡು ಉಸಿರಿನಲ್ಲಿ ದನಿ ಬದಲಿಸಿತು. ಕೆಳಗಿನ ಮೋಟಾರು ಭಾರವೇ ಇಲ್ಲದಂತೆ ಕಿರ್ರೆಂದು ಏರಿ ಓಡುತ್ತಿದೆ, ಮೇಲಿನ ಜಾರಿನಲ್ಲಿ ಕಾಯಿ ಇದ್ದಲ್ಲೇ ಕೂತಿದೆ. ಜೊತೆಗೆ ಕಟ ಕಟ ಕಟ ಎಂದು ಏನೋ ಕಚ್ಚಿ ಬಿಡುವ ಸದ್ದು. ಮರುಕ್ಷಣ ಸುಟ್ಟ ರಬ್ಬರಿನ ವಾಸನೆ. ಅತ್ತಿಗೆ ಗುಂಡಿಯನ್ನು ಸೊನ್ನೆಗೆ ತಂದು, ಪ್ಲಗ್ ಕಿತ್ತು, ವೈರನ್ನು ಸುತ್ತಿ ಬದಿಗಿಟ್ಟರು.

"ಕಪ್ಲರ್ ಹೋಯ್ತು ಮಾರಾಯ್ರೆ," ಎಂದರು. ಮುಚ್ಚಳ ಕೂಡ ತೆಗೆದಿರಲಿಲ್ಲ.

ಕಿವಿ ಮತ್ತು ಮೂಗು ಮೊದಲು ಹೇಳುತ್ತವೆ, ಕಣ್ಣು ಆಮೇಲೆ ಒಪ್ಪಿಕೊಳ್ಳುತ್ತದೆ. ಸುಟ್ಟ ರಬ್ಬರು ಅಥವಾ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಮೋಟಾರಿಗೂ ಜಾರಿಗೂ ಕೊಂಡಿಯಾಗಿರುವ ಕಪ್ಲರಿನ ಹಲ್ಲು ಸವೆದಿದೆ. ಕಣ್ಣು ಉರಿಸುವ, ಬಣ್ಣ ಸುಟ್ಟಂಥ ಕಹಿ ವಾಸನೆ ಬಂದರೆ ತಾಮ್ರದ ತಂತಿಯ ಮೇಲಿನ ವಾರ್ನಿಷ್ ಸುಟ್ಟಿದೆ, ಅದು ದೊಡ್ಡ ಖರ್ಚು. ವಾಸನೆಯೇ ಇಲ್ಲದೆ, ಸದ್ದೂ ಇಲ್ಲದೆ ಸುಮ್ಮನಾದರೆ ಬಹಳ ಸಲ ಅದು ಕೆಟ್ಟಿರುವುದೇ ಇಲ್ಲ. ತಳದಲ್ಲಿ ಒಂದು ಪುಟ್ಟ ಕೆಂಪು ಗುಂಡಿ ಇರುತ್ತದೆ, ಭಾರ ಮೀರಿದಾಗ ತಾನೇ ಹೊರಗೆ ಚಿಮ್ಮಿ ವಿದ್ಯುತ್ತನ್ನು ಕಡಿಯುತ್ತದೆ. ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟು ಒತ್ತಿದರೆ ಮತ್ತೆ ಜೀವ. ಇದು ಗೊತ್ತಿಲ್ಲದೆ ಎಷ್ಟೋ ಮಿಕ್ಸಿಗಳು ಗುಜರಿಗೆ ಹೋಗಿವೆ. ಗುಜರಿಯವನು ಆ ಗುಂಡಿ ಒತ್ತಿ ಮಾರಿಕೊಂಡಿರುತ್ತಾನೆ ಎಂದು ಅತ್ತಿಗೆಗೆ ಪೂರ್ತಿ ನಂಬಿಕೆ.

ಇಡ್ಲಿಯಂತೂ ಕಾಯುವುದಿಲ್ಲ. ಅತ್ತಿಗೆಯ ಅತ್ತೆ, ಕಾಶಿಯಲ್ಲೇ ಹುಟ್ಟಿ ಬೆಳೆದ ಹಿರಿಯರು, ಮೂಲೆಯಲ್ಲಿ ಒರಗಿಸಿಟ್ಟಿದ್ದ ಸಿಲ್ ಅನ್ನು ಎಳೆದುಕೊಂಡು ಕೂತರು. ನಮ್ಮ ಕಡೆಯ ಗುಂಡಿ ಒರಳಲ್ಲ ಇದು. ಚಪ್ಪಟೆ ಕಲ್ಲು, ಮೇಲೆ ಹೊರಳಿಸಲು ಉದ್ದನೆಯ ಬಟ್ಟಾ. ಗಂಗೆಯ ಮೇಲ್ದಂಡೆಯ ಚುನಾರ್, ಮಿರ್ಜಾಪುರದ ಕಲ್ಲಿನ ಸೀಮೆಯಿಂದ ಬಂದದ್ದು. ಸಾರನಾಥದ ಅಶೋಕಸ್ತಂಭವೂ ಚುನಾರಿನ ಕಲ್ಲಿನದೇ. ಅವರು ಎರಡು ಕೈಯಲ್ಲಿ ಬಟ್ಟಾ ಹಿಡಿದು ಮುಂದಕ್ಕೆ ಒತ್ತಿ ಹಿಂದಕ್ಕೆ ಎಳೆಯುವಾಗ ಬಳೆಗಳು ಒಂದೇ ತಾಳದಲ್ಲಿ ಸರಿದವು. ಕಾಯಿ ಮೊದಲು ಪುಡಿಯಾಗಿ, ಆಮೇಲೆ ಹಾಲು ಬಿಟ್ಟು, ಕೊನೆಗೆ ಬೆರಳಿಗೆ ಅಂಟುವ ಹದಕ್ಕೆ ಬಂತು. ಕಾಶಿಯ ಠಂಡಾಯಿ ಅಂಗಡಿಗಳಲ್ಲಿ ಬಾದಾಮಿ, ಸೋಂಪು, ಕರಿಮೆಣಸು ಅರೆಯುವುದಕ್ಕೆ ಈಗಲೂ ಸಿಲ್ ಬೇಕೇ ಬೇಕು ಎನ್ನುವವರಿದ್ದಾರೆ. ಶ್ರಾದ್ಧದ ದಿನ ಮಿಕ್ಸಿ ಮುಟ್ಟದ ಮನೆಗಳೂ ಈ ಗಲ್ಲಿಯಲ್ಲಿವೆ. ಆದರೆ ಇಪ್ಪತ್ತು ಮಂದಿ ಯಾತ್ರಿಕರ ಚಟ್ನಿಯನ್ನು ದಿನಾ ಕಲ್ಲಿನ ಮೇಲೆ ಅರೆಯಬೇಕಾದ ಹೆಂಗಸಿನ ರಟ್ಟೆ, ಬೆನ್ನು, ಮಂಡಿಗಳ ಮಾತನ್ನು ಕೇಳಿದವರು ಹಳೆಯದೇ ಚೆಂದ ಎಂದು ಸುಲಭವಾಗಿ ಹೇಳಲಾರರು. ಹಿರಿಯರೇ ಬಟ್ಟಾ ತೊಳೆದಿಡುತ್ತ, "ಸಂಜೆಯೊಳಗೆ ಅದನ್ನ ಸರಿ ಮಾಡು ತಾಯಿ," ಎಂದು ಸೊಸೆಗೆ ಹೇಳಿದರು.

ಮಧ್ಯಾಹ್ನ ಊಟದ ಎಲೆಗಳೆದ್ದು, ನೆಲ ಒರೆಸಿ, ಮನೆ ತಣ್ಣಗಾದ ಮೇಲೆ ಕಿಟಕಿಯ ಬೆಳಕಿಗೆ ಹಳೆಯ 'ಆಜ್' ಪತ್ರಿಕೆ ಹಾಸಿ ಅತ್ತಿಗೆ ಕೆಲಸಕ್ಕೆ ಕೂತರು. 1920ರಿಂದ ಕಾಶಿಯಲ್ಲಿ ಅಚ್ಚಾಗುತ್ತ ಬಂದಿರುವ ಆ ಹಿಂದಿ ಪತ್ರಿಕೆ ಈ ಮನೆಯಲ್ಲಿ ಓದಿ ಮುಗಿದ ಮೇಲೂ ಬಹಳ ಕಾಲ ದುಡಿಯುತ್ತದೆ. ಸ್ಕ್ರೂಡ್ರೈವರ್ ಎರಡು, ಟೆಸ್ಟರ್ ಒಂದು, ಹಳೇ ಹಲ್ಲುಜ್ಜುವ ಬ್ರಷ್, ಸಣ್ಣ ಇಕ್ಕಳ, ಸ್ಕ್ರೂಗಳನ್ನು ಹಾಕಿಡಲು ಒಂದು ಸ್ಟೀಲ್ ತಟ್ಟೆ. ತೀರ್ಥಹಳ್ಳಿಯಲ್ಲಿ ಅವರ ತಂದೆಗೆ ಪಂಪ್‌ಸೆಟ್ ರಿಪೇರಿಯ ಅಂಗಡಿಯಿತ್ತು. ಶಾಲೆ ಬಿಟ್ಟು ಬಂದ ಹುಡುಗಿ ಅಲ್ಲಿ ಕೂತು ನೋಡಿ ನೋಡಿ ಕಲಿತದ್ದು ಇಷ್ಟು ದೂರದಲ್ಲಿ ಉಪಯೋಗಕ್ಕೆ ಬರುತ್ತಿದೆ.

ಮೊದಲು ಜಾರನ್ನು ತೆಗೆದು ಬದಿಗಿಟ್ಟು, ಬರೀ ಮೋಟಾರನ್ನು ಒಂದು ಕ್ಷಣ ಓಡಿಸಿದರು. ಸಲೀಸಾಗಿ ತಿರುಗಿತು. ಜಾರಿಲ್ಲದೆ ತಿರುಗುವ ಮೋಟಾರು ಅರ್ಧ ರೋಗವನ್ನು ಹೇಳಿಬಿಡುತ್ತದೆ, ದೋಷ ಇರುವುದು ಕಪ್ಲರಿನಿಂದ ಮೇಲೆ. ಪ್ಲಗ್ ಕಿತ್ತು ಅದನ್ನು ತಮ್ಮ ಮಡಿಲಿನಲ್ಲೇ ಇಟ್ಟುಕೊಂಡರು. ಬಿಚ್ಚುವಾಗ ಯಾರೂ ಮರೆತು ಸ್ವಿಚ್ ಹಾಕದಿರಲಿ ಎಂದು ಅವರ ತಂದೆ ಹೇಳಿಕೊಟ್ಟ ಪದ್ಧತಿ ಅದು. ಮೋಟಾರಿನ ತಲೆಯ ಮೇಲಿನ ಕಪ್ಲರನ್ನು ನೋಡಿದರೆ ಆರು ಹಲ್ಲುಗಳಲ್ಲಿ ನಾಲ್ಕು ನುಣ್ಣಗೆ ಸವೆದಿದ್ದವು, ಒಂದು ಅರ್ಧ ಕರಗಿ ಬಾಗಿತ್ತು. ಸುತ್ತ ಕರಿ ರಬ್ಬರಿನ ಪುಡಿ.

ಈ ಕಪ್ಲರ್ ಎಂಬ ಚೂರಿನ ಬಗ್ಗೆ ನನಗೆ ಅಂದಿನಿಂದ ಬಹಳ ಗೌರವ. ಕಬ್ಬಿಣದಲ್ಲಿ ಮಾಡಿದ್ದರೆ ಅದು ಇಷ್ಟು ಬೇಗ ಸವೆಯುತ್ತಿರಲಿಲ್ಲ. ಬೇಕೆಂದೇ ಮೆತ್ತಗಿನದನ್ನು ಇಟ್ಟಿದ್ದಾರೆ. ಜಾರಿನೊಳಗೆ ಏನಾದರೂ ಸಿಕ್ಕಿಕೊಂಡು ಬ್ಲೇಡು ನಿಂತುಹೋದರೆ, ಕೆಳಗೆ ಓಡುತ್ತಿರುವ ಮೋಟಾರಿನ ತಂತಿ ಸುಡುವ ಮೊದಲು ಈ ಹಲ್ಲುಗಳು ಜಾರಿ, ಕರಗಿ, ತಾವು ಹಾಳಾಗಿ ಮೋಟಾರನ್ನು ಉಳಿಸುತ್ತವೆ. ಹತ್ತಾರು ರೂಪಾಯಿಯ ತುಂಡೊಂದು ಸಾವಿರಾರು ರೂಪಾಯಿಯ ಯಂತ್ರಕ್ಕಾಗಿ ಮೊದಲು ಸಾಯುವಂತೆ ಯೋಚಿಸಿ ಇಟ್ಟ ವ್ಯವಸ್ಥೆ.

"ಕಪ್ಲರ್ ಹಾಕಿಬಿಟ್ರೆ ಆಯ್ತಲ್ಲ?" ಎಂದೆ.

"ಅದ್ಯಾಕೆ ಹೋಯ್ತು ಅಂತ ನೋಡ್ಬೇಡ್ವಾ?" ಎಂದವರೇ ಜಾರನ್ನು ತಲೆಕೆಳಗಾಗಿ ಮಡಿಲಿಗೆ ತಂದುಕೊಂಡರು. ತಳದಲ್ಲಿರುವ ಚಕ್ರವನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿ ಎಂದು ನನ್ನ ಕೈಗೂ ಕೊಟ್ಟರು. ಒಮ್ಮೆ ತಟ್ಟಿದರೆ ಗಿರ್ರನೆ ತಿರುಗಬೇಕಾದದ್ದು ಬಿಗಿದುಕೊಂಡಿತ್ತು, ಒತ್ತಿ ತಿರುಗಿಸಿದರೆ ಮರಳು ಸಿಕ್ಕಂತೆ ಕರಕರ ಎಂದಿತು. ಬ್ಲೇಡಿನ ಕಡ್ಡಿ ಹಾದುಹೋಗುವ ಜಾಗದಲ್ಲಿ ಬುಷ್ ಎಂಬ ಲೋಹದ ಕೊಳವೆ ಇರುತ್ತದೆ, ಅದರ ಮೇಲೆ ನೀರು ಇಳಿಯದಂತೆ ವಾಷರ್. ವಾಷರ್ ಸವೆದ ಮೇಲೆ ಕಾಯಿಹಾಲು, ಹುಣಸೆ ನೀರು, ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಬುಷ್ ಒಳಗೆ ಇಳಿದು ಒಣಗಿ ಗಟ್ಟಿಯಾಗುತ್ತವೆ. ಕಾಶಿಯ ಮಳೆಗಾಲ ಇನ್ನೊಂದು ಕಷ್ಟ. ಗಂಗೆ ಏರಿ ಘಾಟಿನ ಮೆಟ್ಟಿಲುಗಳನ್ನೆಲ್ಲ ನುಂಗಿ ಕೂತಾಗ ಗಲ್ಲಿಯ ಗೋಡೆಗಳು ಬೆವರುತ್ತವೆ, ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರಾಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಹೀಗೆ ಬುಷ್ ಬಿಗಿದು ಬ್ಲೇಡು ಭಾರವಾಯಿತು, ಭಾರ ತಡೆಯದೆ ಕಪ್ಲರ್ ಸವೆಯಿತು. ಹೊಸ ಕಪ್ಲರನ್ನಷ್ಟೇ ಹಾಕಿ ಮುಗಿಸಿದ್ದರೆ ಅದೂ ತಿಂಗಳೊಪ್ಪತ್ತಿನಲ್ಲಿ ಇದೇ ದಾರಿ ಹಿಡಿಯುತ್ತಿತ್ತು. ಚಟ್ನಿಯಲ್ಲಿ ಎಂದಾದರೂ ಕಪ್ಪು ಎಳೆ ಕಾಣಿಸಿಕೊಂಡರೆ, ಜಾರಿನ ತಳ ಇಟ್ಟಲ್ಲಿ ಒದ್ದೆ ಉಂಗುರ ಬಿದ್ದರೆ, ಅದು ಬುಷ್ ಮುಂಗಡವಾಗಿ ಕಳಿಸಿದ ಸುದ್ದಿ.

ಜಾರಿನ ತಳಕ್ಕೆ ಬಿಸಿನೀರು ಹೊಯ್ದು ತಲೆಕೆಳಗಾಗಿ ನೆನೆಯಲು ಬಿಟ್ಟು ಮೋಟಾರಿನ ಕಡೆ ತಿರುಗಿದರು. ಅಡಿಯ ನಾಲ್ಕು ಸ್ಕ್ರೂ ಬಿಚ್ಚಿ ತಟ್ಟೆಗೆ ಹಾಕಿದಾಗ ಟಣ್ ಟಣ್ ಎಂದವು. ರಬ್ಬರಿನ ಪಾದಗಳ ಒಳಗೆ ಅಡಗಿದ್ದ ಸ್ಕ್ರೂಗಳನ್ನು ಹುಡುಕುವುದೇ ಒಂದು ಕೆಲಸ. ಈಚಿನ ಕೆಲವು ಯಂತ್ರಗಳಲ್ಲಿ ಸಾಮಾನ್ಯ ಸ್ಕ್ರೂಡ್ರೈವರಿಗೆ ಸಿಕ್ಕದ ತಲೆಯ ಸ್ಕ್ರೂ ಹಾಕಿರುತ್ತಾರೆ, ಇನ್ನು ಕೆಲವನ್ನು ಬಿಚ್ಚಲೇ ಆಗದಂತೆ ಬೆಸೆದಿರುತ್ತಾರೆ. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಬಿಚ್ಚಿ ನೋಡುವುದು ಕೊಂಡವರ ಹಕ್ಕು ಎಂಬ ಮಾತು ನಮ್ಮಲ್ಲಿ ಸರ್ಕಾರದ ಬಾಯಲ್ಲೂ ಬಂದಿದೆ. ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ಅದಕ್ಕೊಂದು ಸಮಿತಿ ಮಾಡಿತು, ಆ ವರ್ಷದ ಕೊನೆಗೆ ರಿಪೇರಿ ಮಾಹಿತಿಯ ಜಾಲತಾಣವೂ ಬಂತು. ಕೃಷಿ ಯಂತ್ರ, ಮೊಬೈಲು, ವಾಹನಗಳ ಜೊತೆ ಗೃಹೋಪಯೋಗಿ ವಸ್ತುಗಳನ್ನೂ ಅದರಲ್ಲಿ ಸೇರಿಸಿದ್ದಾರೆ. ಆ ಹಕ್ಕು ಅಡುಗೆಮನೆಯ ಕಟ್ಟೆಯವರೆಗೆ ಬರಬೇಕು ಎಂದು ನನ್ನ ಗಟ್ಟಿ ಆಸೆ.

ತಳದ ಮುಚ್ಚಳ ತೆಗೆದಾಗ ಒಳಗಿನಿಂದ ಹಳೇ ಮಸಾಲೆಪುಡಿಯ, ಧೂಳಿನ, ಬೆಚ್ಚಗಿನ ತಾಮ್ರದ ಕೂಡು ವಾಸನೆ ಬಂತು. ನಡುವೆ ಸುತ್ತಿದ ತಂತಿಯ ಆರ್ಮೇಚರ್, ಅದನ್ನು ಅಪ್ಪಿಕೊಂಡಂತೆ ಎರಡು ಕಡೆ ಕಾಯಿಲ್, ಕೆಳಗೆ ಗಾಳಿಯಾಡಿಸುವ ಪುಟ್ಟ ಫ್ಯಾನು. ಫ್ಯಾನಿನ ರೆಕ್ಕೆಗೆ ಅಂಟಿದ್ದ ಕಡಲೆಹಿಟ್ಟಿನಂಥ ಧೂಳನ್ನು ಬ್ರಷ್ಷಿನಿಂದ ಉದುರಿಸಿದರು. ಕಪ್ಲರ್ ಬಿಚ್ಚುವುದಕ್ಕೆ ಒಂದು ಗುಟ್ಟಿದೆ. ಮೋಟಾರಿನ ಕಡ್ಡಿಯ ಕೆಳತುದಿಯಲ್ಲಿ ಸ್ಕ್ರೂಡ್ರೈವರ್ ಕೂರುವಷ್ಟು ಒಂದು ಸೀಳು. ಅಲ್ಲಿ ಅದನ್ನು ಭದ್ರವಾಗಿ ಹಿಡಿದು, ಮೇಲಿನ ಕಪ್ಲರನ್ನು ಮೋಟಾರು ಸುತ್ತುವ ದಿಕ್ಕಿಗೇ ತಿರುಗಿಸಬೇಕು. ಓಡುವಾಗ ತಾನಾಗಿ ಬಿಗಿಯಾಗುತ್ತ ಹೋಗಲಿ ಎಂದು ತಿರುಪಿನ ಎಳೆಯನ್ನು ಹಾಗೆ ಕೊರೆದಿರುತ್ತಾರೆ. ತಿಳಿಯದವರು ಇನ್ನೊಂದು ಕಡೆಗೆ ತಿರುವಿ, ಶಕ್ತಿಯೆಲ್ಲ ಹಾಕಿ, ಕಡ್ಡಿಯನ್ನೇ ಬಾಗಿಸಿಬಿಡುತ್ತಾರೆ. ಅತ್ತಿಗೆ ಹಳೇ ಬಟ್ಟೆಯಲ್ಲಿ ಕಪ್ಲರನ್ನು ಹಿಡಿದು ಒಂದೇ ಝಟಕಾ ಕೊಟ್ಟರು, ಟಿಕ್ ಎಂದು ಬಿಟ್ಟುಕೊಂಡಿತು.

ಆಮೇಲೆ ಎರಡು ಬದಿಯ ಹಿತ್ತಾಳೆ ಗೂಡುಗಳಿಂದ ಕಾರ್ಬನ್ನುಗಳನ್ನು ಹೊರತೆಗೆದರು. ಹಿಂದೆ ಸ್ಪ್ರಿಂಗು, ಮುಂದೆ ಚೌಕನೆಯ ಕರಿಯ ತುಂಡು. ಹೊಸದಿದ್ದಾಗ ಕಿರುಬೆರಳಿನ ಗೆಣ್ಣಿನಷ್ಟಿದ್ದದ್ದು ಈಗ ಕಾಳುಮೆಣಸಿನಷ್ಟು ಉಳಿದಿತ್ತು. ಕತ್ತಲೆಯಲ್ಲಿ ಮಿಕ್ಸಿ ಓಡಿಸಿದಾಗ ಗಾಳಿ ಕಿಂಡಿಯಲ್ಲಿ ನೀಲಿ ಕಿಡಿ ಜೋರಾಗಿ ಹಾರುತ್ತಿದ್ದರೆ, ತಟ್ಟಿದರೆ ಓಡಿ ಬಿಟ್ಟರೆ ನಿಲ್ಲುತ್ತಿದ್ದರೆ, ಅಪರಾಧಿ ಸಾಮಾನ್ಯವಾಗಿ ಈ ಕಾರ್ಬನ್ನೇ. ಆರ್ಮೇಚರಿನ ಕುತ್ತಿಗೆಯಲ್ಲಿ ತಾಮ್ರದ ಪಟ್ಟಿಗಳ ಉಂಗುರವಿದೆ. ತಿರುಗುತ್ತಲೇ ಇರುವ ಆ ಉಂಗುರಕ್ಕೆ ಎರಡು ಕಾರ್ಬನ್ನುಗಳು ಸದಾ ಒತ್ತಿಕೊಂಡಿದ್ದು ವಿದ್ಯುತ್ತು ದಾಟಿಸಬೇಕು. ಉಜ್ಜಿ ಉಜ್ಜಿ ಸವೆಯುವುದೇ ಅವುಗಳ ಕೆಲಸ.

ಇವಿಷ್ಟನ್ನೂ ಕಾಗದದಲ್ಲಿ ಸುತ್ತಿ, ಸವೆದ ಕಪ್ಲರನ್ನು ಅಳತೆಗಾಗಿ ಜೊತೆಗಿಟ್ಟುಕೊಂಡು ಇಬ್ಬರೂ ಗಲ್ಲಿಗಿಳಿದೆವು. ಒಂದು ಮಿಕ್ಸಿಯ ಕಪ್ಲರ್ ಇನ್ನೊಂದಕ್ಕೆ ಕೂರುವುದಿಲ್ಲ, ಹಲ್ಲಿನ ಲೆಕ್ಕ, ತೂತಿನ ಅಳತೆ ಎರಡೂ ಬೇರೆ. ಮಾದರಿ ಕೈಯಲ್ಲಿದ್ದರೆ ಎರಡನೇ ಸಲ ಅಲೆಯುವುದು ತಪ್ಪುತ್ತದೆ. ತಲೆಯೆತ್ತಿದರೆ ಗಲ್ಲಿಯ ಮೇಲೆ ಆಕಾಶದ ಸಣ್ಣ ಪಟ್ಟಿ ಖಾಲಿಯಾಗಿ ಕಾಣುತ್ತದೆ. ಒಂದು ಕಾಲದಲ್ಲಿ ಅಲ್ಲಿ ಕಾಗೆಗೂ ಜಾಗವಿಲ್ಲದಷ್ಟು ವೈರುಗಳಿದ್ದವು, ಕೋತಿಗಳು ಜೋತಾಡಿ ಬೀದಿಯ ಕರೆಂಟು ಹೋಗುತ್ತಿತ್ತು. 2015ರ ನಂತರ ಹಳೇ ಕಾಶಿಯ ಸುಮಾರು 16 ಚದರ ಕಿಲೋಮೀಟರ್ ಪ್ರದೇಶದ ವೈರುಗಳನ್ನು ನೆಲದೊಳಗೆ ಇಳಿಸಿದರು. ವೋಲ್ಟೇಜ್ ಇಳಿದ ಸಂಜೆಗಳಲ್ಲಿ ಮಿಕ್ಸಿ ಓಡಿಸಬಾರದೆಂಬ ನಿಯಮವನ್ನು ಅತ್ತಿಗೆ ಈಗಲೂ ಪಾಲಿಸುತ್ತಾರೆ. ವೋಲ್ಟೇಜ್ ಕಡಿಮೆಯಾದಾಗ ಮೋಟಾರು ಏದುಸಿರು ಬಿಡುತ್ತ ತಿರುಗುತ್ತದೆ, ಫ್ಯಾನಿನ ಗಾಳಿ ಸಾಲದೆ ಒಳಗೇ ಕಾಯುತ್ತದೆ.

ಸೋನಾರ್‌ಪುರ ದಾಟಿ ಮದನ್‌ಪುರದ ಕಡೆ ನಡೆದಂತೆ ಕಿವಿಗೆ ಬೀಳುವ ಸದ್ದೇ ಬೇರೆ. ಮನೆಗಳ ಒಳಗಿಂದ ಮಗ್ಗಗಳ ಖಟ್ ಖಟಾ ಖಟ್. ಬಣ್ಣದ ರೇಷ್ಮೆ ಲಡಿಗಳನ್ನು ಹೆಗಲ ಮೇಲೆ ಹಾಕಿಕೊಂಡ ಹುಡುಗ ಸೈಕಲ್ಲಿನಲ್ಲಿ ಹಾದು ಹೋಗುತ್ತಾನೆ. ಬನಾರಸಿ ಸೀರೆಯ ನೇಕಾರರ ಮೊಹಲ್ಲಾ ಇದು. ಅಲ್ಲೇ ರಸ್ತೆ ಬದಿಗೆ ಒಂದು ಬಾಗಿಲಿನ ಅಂಗಡಿ, ಹೊರಗೆ ಪವರ್‌ಲೂಮಿನ ಭಾರದ ಮೋಟಾರುಗಳು, ಒಳಗೆ ಗೋಡೆ ತುಂಬ ನೇತುಹಾಕಿದ ಫ್ಯಾನಿನ ರೆಕ್ಕೆ, ಮಿಕ್ಸಿಯ ಜಾರು, ಗಾಜಿನ ಭರಣಿಗಳಲ್ಲಿ ಬಗೆಬಗೆಯ ಕಪ್ಲರುಗಳು. ಮಿಸ್ತ್ರಿ ಮುದುಕರು, ಕನ್ನಡಕವನ್ನು ಹಣೆಗೇರಿಸಿ ಆರ್ಮೇಚರಿಗೆ ತಂತಿ ಸುತ್ತುತ್ತಿದ್ದರು. ಎಡಗೈ ತಿರುಗಿಸುತ್ತದೆ, ಬಲಗೈಯ ಎರಡು ಬೆರಳ ನಡುವೆ ಕೂದಲೆಳೆಯಂಥ ತಂತಿ ಬಿಗಿ ಬಿಡದೆ ಸರಿಯುತ್ತದೆ, ತುಟಿ ಲೆಕ್ಕ ಹಾಕುತ್ತಿರುತ್ತದೆ. ಒಂದು ಸುತ್ತು ಮುಗಿದು ಲೆಕ್ಕವನ್ನು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದ ನಂತರವೇ ನಮ್ಮತ್ತ ನೋಡಿ, "ಬನ್ನಿ ಭಾಭೀಜಿ, ಏನು ತಂದಿರಿ?" ಎಂದರು.

ಕಪ್ಲರನ್ನು ಬೆಳಕಿಗೆ ಹಿಡಿದು ನೋಡಿ, ಭರಣಿಯೊಳಗೆ ಕೈಹಾಕಿ, ಮೊದಲ ಸಲಕ್ಕೇ ಸರಿಯಾದದ್ದನ್ನು ತೆಗೆದರು. ಕಾರ್ಬನ್ ಜೋಡಿ, ವಾಷರ್, ಬುಷ್ ಎಲ್ಲವನ್ನೂ ಕಾಗದದ ಪುಟ್ಟ ಪೊಟ್ಟಣದಲ್ಲಿ ಕಟ್ಟಿಕೊಟ್ಟರು. ಎಲ್ಲ ಸೇರಿ ಹೊಸ ಮಿಕ್ಸಿಯ ಬೆಲೆಯ ಮುಂದೆ ಏನೇನೂ ಅಲ್ಲ. ಮಗ್ಗದ ಮೋಟಾರಿಗೂ ಮಿಕ್ಸಿಯ ಮೋಟಾರಿಗೂ ಏನು ವ್ಯತ್ಯಾಸ ಎಂದು ನಾನು ಕೇಳಿದ್ದಕ್ಕೆ ಅವರಿಗೆ ಬಹಳ ಖುಷಿಯಾಯಿತು. ಮಗ್ಗದ್ದು ಎತ್ತಿನ ಜಾತಿ, ಅದಕ್ಕೆ ಕಾರ್ಬನ್ ಬೇಡ, ಹಗಲೆಲ್ಲ ಒಂದೇ ನಡೆ ಎಂದರು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಆ ಇಂಡಕ್ಷನ್ ಮೋಟಾರು ನಿಮಿಷಕ್ಕೆ 3000 ಸುತ್ತಿನ ಗಡಿಯನ್ನು ದಾಟಲಾರದು. ಕಾಯಿಯನ್ನು ನುಣ್ಣಗೆ ಮಾಡಲು ಆ ವೇಗ ಎಲ್ಲಿಗೂ ಸಾಲದು. ಮಿಕ್ಸಿಯೊಳಗಿನದು ಯೂನಿವರ್ಸಲ್ ಮೋಟಾರು, ಭಾರವಿಲ್ಲದಾಗ ನಿಮಿಷಕ್ಕೆ 18,000ದಿಂದ 20,000 ಸುತ್ತು ಹೋಗಬಲ್ಲದು. ಅಷ್ಟು ವೇಗಕ್ಕೆ ಕೊಡುವ ಬೆಲೆಯೇ ಸವೆಯುವ ಕಾರ್ಬನ್ನು, ಬೇಗ ಏರುವ ಬಿಸಿ. ಅದಕ್ಕೇ ಐದು ನಿಮಿಷ ಮೀರಿ ಒಂದೇ ಸಮನೆ ಓಡಿಸಬೇಡಿ ಎಂದು ಬಹಳಷ್ಟು ಮಿಕ್ಸಿಗಳ ಕೈಪಿಡಿಗಳಲ್ಲಿ ಅಚ್ಚಾಗಿರುತ್ತದೆ.

ನಮ್ಮ ದೇಶದ ಮಿಕ್ಸಿಯ ಮೂಲವೂ ಹೀಗೊಂದು ಅಡುಗೆಮನೆಯ ರಿಪೇರಿಯಲ್ಲೇ ಇದೆ. ಅಮೆರಿಕದಲ್ಲಿ 1922ರಲ್ಲಿ ಸ್ಟೀಫನ್ ಪೊಪ್ಲಾವ್ಸ್ಕಿ ಪಾತ್ರೆಯ ತಳದಲ್ಲಿ ಬ್ಲೇಡು ತಿರುಗುವ ಯಂತ್ರ ಮಾಡಿದ್ದು ಹಾಲಿನ ಪಾನೀಯ ಕಲಕುವುದಕ್ಕೆ. ಹಾಲು, ಹಣ್ಣು, ಐಸ್‌ಕ್ರೀಮಿಗೆಂದು ಬೆಳೆದ ಆ ಯಂತ್ರಗಳ ಹೊಟ್ಟೆಗೆ ನಮ್ಮ ನೆನೆದ ಉದ್ದು, ಒಣಮೆಣಸು, ಕೊಬ್ಬರಿ ಹಾಕಿದರೆ ಏನಾಗಬೇಕೋ ಅದೇ ಆಯಿತು. ಮುಂಬೈಯ ಮಾಧುರಿ ಮಾಥುರ್ ಅವರ ಜರ್ಮನಿಯ ಮಿಕ್ಸರ್ 1960ರ ದಶಕದ ಆರಂಭದಲ್ಲಿ ಸುಟ್ಟುಹೋಯಿತು, ಸರಿ ಮಾಡುವವರು ಇಲ್ಲಿ ಸಿಗಲಿಲ್ಲ. ಸೀಮೆನ್ಸಿನಲ್ಲಿ ಎಂಜಿನಿಯರ್ ಆಗಿದ್ದ ಅವರ ಪತಿ ಸತ್ಯಪ್ರಕಾಶ್ ಮಾಥುರ್, ಭಾರತದ ಅಡುಗೆಯ ಭಾರ ತಾಳುವ ಮೋಟಾರನ್ನು ತಾವೇ ರೂಪಿಸಲು ಹೊರಟರು. ಅದೇ ಮುಂದೆ ಸುಮೀತ್ ಎಂಬ ಹೆಸರಿನಲ್ಲಿ ದೇಶದ ಮನೆಮನೆಗೆ ಹೋಯಿತು. ನಮ್ಮ ತಾಯಂದಿರ ಬಾಯಲ್ಲಿ ಎಷ್ಟೋ ವರ್ಷ ಸುಮೀತ್ ಎಂದರೇ ಮಿಕ್ಸಿ.

ಕಾಶಿಗೂ ಈ ವಿದ್ಯೆಗೂ ನಂಟು ಹಳೆಯದು. ಊರಿನ ಲಂಕಾ ಬಡಾವಣೆಯ ಆಚೆಗಿರುವ ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ 1919ರಲ್ಲೇ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಪಾಠಗಳನ್ನು ಪದವಿಯ ಮಟ್ಟದಲ್ಲಿ ದೇಶದಲ್ಲಿ ಮೊದಮೊದಲು ಕಲಿಸಿದ ಜಾಗ ಅದು. ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. 1902ರಲ್ಲಿ ಶಿವನಸಮುದ್ರದ ನೀರಿನಿಂದ ವಿದ್ಯುತ್ತು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹಾಕಿದ ನಾಡಿನ ಅರಸರು ಆ ಪೀಠದಲ್ಲಿದ್ದರು ಎಂದು ನೆನೆದರೆ ನನಗೆ ಹೆಮ್ಮೆಯಾಗುತ್ತದೆ. ಮದನ್‌ಪುರದ ಮಿಸ್ತ್ರಿಯವರ ಬೆರಳು ಆ ಕಾಲೇಜಿನ ಮೆಟ್ಟಿಲು ಹತ್ತಿದ್ದಲ್ಲ. ಆದರೂ ಎರಡೂ ಕಡೆಯ ವಿದ್ಯೆ ಒಂದೇ ತಂತಿಯದು.

ಮನೆಗೆ ಬಂದಾಗ ಜಾರಿನ ಬುಷ್ ನೆನೆದು ಸಡಿಲಾಗಿತ್ತು. ತಳದ ಚಕ್ರವನ್ನು ಇಕ್ಕಳದಲ್ಲಿ ಹಿಡಿದು, ಬಟ್ಟೆ ಸುತ್ತಿದ ಕೈಯಿಂದ ಬ್ಲೇಡನ್ನು ಬಿಚ್ಚಿ ತೆಗೆದಾಗ ಹೊರಬಂದ ಕರಿ ಅಂಟನ್ನು ನೋಡಿ ಅತ್ತಿಗೆ ಮುಖ ಕಿವುಚಿದರು. ಹೊಸ ಬುಷ್, ಹೊಸ ವಾಷರ್ ಕೂರಿಸಿ, ಕಡ್ಡಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟರು. ಹೊಲಿಗೆ ಯಂತ್ರದ ಎಣ್ಣೆ ಕೈಗೆ ಸಿಗುವಂತಿದ್ದರೂ ಬೇಡವೆಂದರು, ಆ ಜಾಗದಿಂದ ಒಸರುವುದೆಲ್ಲ ಕೊನೆಗೆ ಹೊಟ್ಟೆಗೆ ಹೋಗುವಂಥದ್ದು. ಚಕ್ರವನ್ನು ತಟ್ಟಿದಾಗ ಗಿರ್ರನೆ ಸುತ್ತಿ ಮೆಲ್ಲಗೆ ನಿಂತಿತು.

ತಾಮ್ರದ ಉಂಗುರದ ಮೇಲೆ ಕಪ್ಪು ಕಟ್ಟಿತ್ತು. ನುಣುಪಾದ ಮರಳು ಕಾಗದದ ಪಟ್ಟಿಯನ್ನು ಅದಕ್ಕೆ ಸುತ್ತಿ, ಕೈಯಿಂದಲೇ ಆರ್ಮೇಚರನ್ನು ತಿರುಗಿಸುತ್ತ ಉಜ್ಜಿದಂತೆ ಒಂದೊಂದೇ ಪಟ್ಟಿ ಕೆಂಪಗೆ ಹೊಳೆಯತೊಡಗಿತು. ಪಟ್ಟಿಗಳ ನಡುವಿನ ಸಂದಿನಲ್ಲಿ ಕೂತ ಪುಡಿಯನ್ನು ಸೂಜಿಯ ಮೊನೆಯಿಂದ ಕೆರೆದು, ಬಾಯಿಂದ ಊದದೆ, ಒಣ ಬ್ರಷ್ಷಿನಿಂದ ತೆಗೆದರು. ಬಾಯಿಂದ ಊದಿದರೆ ಎಂಜಲಿನ ತೇವ ಹೋಗುತ್ತದೆ. ಹೊಸ ಕಾರ್ಬನ್ನಿನ ಮುಖ ಚಪ್ಪಟೆ, ಉಂಗುರದ ಮೈ ಗುಂಡು. ಎರಡೂ ಹೊಂದಿಕೊಳ್ಳಲಿ ಎಂದು ಮರಳು ಕಾಗದದ ಒರಟು ಮುಖವನ್ನು ಕಾರ್ಬನ್ನಿನ ಕಡೆ ಮಾಡಿ ಇನ್ನೊಂದಿಷ್ಟು ತಿರುಗಿಸಿದರು. ಮತ್ತೆ ಧೂಳು ಒರೆಸಿ, ಕಪ್ಲರ್ ಬಿಗಿದು, ತಟ್ಟೆಯಲ್ಲಿದ್ದ ಸ್ಕ್ರೂಗಳನ್ನು ಎಣಿಸಿ ಹಾಕಿದರು. ಒಂದೂ ಉಳಿಯಲಿಲ್ಲ.

ಮೊದಲು ಜಾರಿಲ್ಲದೆ ಒಂದನೇ ನಂಬರಿನಲ್ಲಿ ಓಡಿಸಿದರು. ಗಾಳಿ ಕಿಂಡಿಯಲ್ಲಿ ಕಿಡಿ ಸಣ್ಣಗೆ, ಸಮನಾಗಿ ಕಂಡಿತು. ಹೊಸ ಕಾರ್ಬನ್ ಒಗ್ಗಿಕೊಳ್ಳಲು ಸ್ವಲ್ಪ ಹೊತ್ತು ಹಾಗೇ ಬಿಟ್ಟು ನಿಲ್ಲಿಸಿ, ಮೈ ಮುಟ್ಟಿ ನೋಡಿದರು, ಬೆಚ್ಚಗಿತ್ತು ಅಷ್ಟೆ. ಆಮೇಲೆ ಜಾರಿಗೆ ಬರೀ ನೀರು. ತಳ ಸೋರಲಿಲ್ಲ. ಕೊನೆಗೆ ರಾತ್ರಿಯ ಸಾರಿಗೆ ಹುರಿದಿಟ್ಟ ಕೊತ್ತಂಬರಿ, ಮೆಣಸು, ಜೀರಿಗೆ. ಒಮ್ಮೆ ತಿರುಗಿಸಿ ಬಿಟ್ಟು, ಮತ್ತೆ ತಿರುಗಿಸಿ ಬಿಟ್ಟು, ಮೂರನೆಯದಕ್ಕೆ ಮುಚ್ಚಳ ತೆಗೆದಾಗ ಎದ್ದ ಘಮಕ್ಕೆ ಒಳಗಿದ್ದ ಹಿರಿಯರು, "ಆಯ್ತಾ ತಾಯಿ?" ಎಂದು ಕೂಗಿ ಕೇಳಿದರು.

ಆ ಸದ್ದು ಎದುರು ಮನೆಗೂ ಕೇಳಿತ್ತು. ತುಸು ಹೊತ್ತಿಗೆ ತಮಿಳು ಮಾಮಿ ತಮ್ಮ ಮಿಕ್ಸಿಯನ್ನು ಮಗುವಿನಂತೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು. ಅತ್ತಿಗೆ ಅದನ್ನು ಬಿಚ್ಚುವ ಮೊದಲು ಗಾಳಿ ಕಿಂಡಿಗೆ ಮೂಗು ತಂದು ಒಂದು ಸಲ ಉಸಿರೆಳೆದುಕೊಂಡರು. ಸುಟ್ಟ ವಾರ್ನಿಷ್ಷಿನ ಕಹಿ ನನಗೂ ತಟ್ಟಿತು.

"ಮಾಮಿ, ಏನು ಹಾಕಿದ್ರಿ ಇದಕ್ಕೆ?"

"ಮಂಜಳ್... ಅರಿಸಿನದ ಕೊಂಬು. ಕುಟ್ಟದೆ ಹಾಗೇ ಹಾಕಿಬಿಟ್ಟೆ."

"ಇದು ನನ್ ಕೈಲಿ ಆಗಲ್ಲ. ಒಳಗಿನ ಕಾಯಿಲ್ ಸುಟ್ಟಿದೆ. ನಾಳೆ ಬೆಳಿಗ್ಗೆ ಮದನ್‌ಪುರಕ್ಕೆ ಒಯ್ಯೋಣ, ತಂತಿ ಸುತ್ತಿ ಕೊಡ್ತಾರೆ," ಎಂದು ಅತ್ತಿಗೆ ಅದರ ವೈರನ್ನು ಸುತ್ತಿ, ರಿಪೇರಿಯಾದ ಮಿಕ್ಸಿಯನ್ನು ಮಾಮಿಯ ಕಡೆಗೆ ಸರಿಸಿದರು. "ಇಡ್ಲಿಗೆ ನೆನೆಹಾಕಿದ್ದೀರಲ್ಲ, ಉದ್ದು ತಗೊಂಡ್ ಬನ್ನಿ, ಇಲ್ಲೇ ರುಬ್ಬೋಣ."